ಕುರುಕ್ಷೇತ್ರದ ಮಾರನೇ ರಾತ್ರಿಯನ್ನು ನಮಗೆ ಕೊಡಿ

ಮಂಡ್ಯ, ಮೈಸೂರು, ಹಾಸನ, ತುಮಕೂರು ಸೀಮೆಯ ಊರೂರಿನ ನಾಟಕ ಮಂಡಳಿಗಳು ಮತ್ತು ಹಬ್ಬದ ಸಮಿತಿಗಳ ಹಿರಿಯರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಸುತ್ತಿ ಬಳಸಿ ಮಾತಾಡಿದರೆ ನಿಮಗೂ ಹಿಡಿಸುವುದಿಲ್ಲ, ಹಾಗಾಗಿ ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಊರಹಬ್ಬಕ್ಕೋ ಯುಗಾದಿಯ ಆಸುಪಾಸಿನಲ್ಲೋ ನೀವು ಒಂದು ರಾತ್ರಿ ‘ಕುರುಕ್ಷೇತ್ರ’ ಆಡಿಸುತ್ತೀರಿ. ಅದರ ಮಾರನೇ ರಾತ್ರಿಯನ್ನು ನಮಗೆ ಕೊಡಿ. ಸೀನರಿಯವರು ಬೆಳಗಾಗುತ್ತಲೇ ಪರದೆ ಸುತ್ತಿ ಲಾರಿಗೆ ಹಾಕಿಕೊಂಡು ಮುಂದಿನ ಊರಿಗೆ ಹೋಗಲಿ, ಅಡ್ಡಿಯಿಲ್ಲ. ನಮಗೆ ಪರದೆ ಬೇಡ, ಸಿಂಹಾಸನ ಬೇಡ, ಮೈಕು ಸಹ ಬೇಡ. ಊರೊಳಗಿನ ಒಂದು ಬಯಲು, ನಾಲ್ಕಾರು ಲೈಟು ಸಾಕು. ನಿಜವಾಗಿ ಬೇಕಾದದ್ದು ನಿಮ್ಮ ಊರಿನ ಜನ. ಹಬ್ಬಕ್ಕೆ ಎರಡು ತಿಂಗಳು ಮುಂಚಿನಿಂದ, ಡೇರಿಗೆ ಹಾಲು ಹಾಕಿ ಬಂದ ಮೇಲೆ, ರಾತ್ರಿ ಊಟದ ಹೊತ್ತಿನವರೆಗೆ ಅವರು ನಮ್ಮೊಂದಿಗೆ ಕೂರಬೇಕು. ಅವರೂ ನಾವೂ ಸೇರಿ ನಿಮ್ಮ ಊರಿನದೇ ಒಂದು ಹೊಸ ನಾಟಕ ಕಟ್ಟಿ ಆ ರಾತ್ರಿ ಆಡುತ್ತೇವೆ.

ನಾನು ಮದ್ದೂರು ತಾಲ್ಲೂಕಿನವಳು, ಬೇಸಾಯದ ಮನೆಯವಳು. ನಾಟಕ ಬರೆಯುತ್ತೇನೆ, ಆಡಿಸುತ್ತೇನೆ. ಪತ್ರಿಕೆಗಳಲ್ಲಿ ಫೋಟೊ ಬರುವಷ್ಟು ದೊಡ್ಡವಳೇನೂ ಆಗಿಲ್ಲ. ಶಾಲೆಗಳಲ್ಲಿ ಮಕ್ಕಳಿಗೆ ನಾಟಕ ಕಲಿಸಿ ಬಂದದ್ದರಲ್ಲಿ ಬದುಕು ನಡೆಯುತ್ತದೆ. ನಮ್ಮಪ್ಪ ಕರ್ಣನ ಪಾರ್ಟು ಮಾಡುತ್ತಿದ್ದರು. ಹಾರ್ಮೋನಿಯಂ ಮೇಷ್ಟ್ರು ನಮ್ಮನೆಯ ಜಗುಲಿಯ ಮೇಲೆ ಮಲಗಿ, ನಮ್ಮನೆಯ ಮುದ್ದೆ ಉಂಡು, ತಿಂಗಳುಗಟ್ಟಲೆ ಊರಿಗೆ ಹಾಡು ಕಲಿಸುತ್ತಿದ್ದ ಕಾಲ ನನಗೆ ಚೆನ್ನಾಗಿ ನೆನಪಿದೆ. ಆದ್ದರಿಂದ ನಿಮ್ಮನ್ನು ಕೇಳುವ ಸಲಿಗೆ ನನಗುಂಟು ಎಂದುಕೊಂಡಿದ್ದೇನೆ.

ನಗರದ ನನ್ನ ಕೆಲವು ರಂಗಗೆಳೆಯರಿಗೆ ನಿಮ್ಮ ನಾಟಕವೆಂದರೆ ಒಂದು ತಮಾಷೆ. ದುಡ್ಡು ಕೊಟ್ಟು ಪಾತ್ರ ಹಿಡಿಯುತ್ತಾರಂತೆ, ಒಂದೇ ರಾತ್ರಿಗೆ ಮೂವರು ಕೃಷ್ಣರಂತೆ, ದುರ್ಯೋಧನ ಸಾಯುವುದಕ್ಕೆ ಬೆಳಗಿನ ಜಾವ ಆಗುತ್ತದಂತೆ, ಎಂದೆಲ್ಲ ನಗುತ್ತಾರೆ. ಆ ನಗುವಿನಲ್ಲಿ ನಾನು ಪಾಲುದಾರಳಲ್ಲ. ಬೆಂಗಳೂರಿನಲ್ಲಿ ನಾವು ಟಿಕೆಟ್ಟು ಇಟ್ಟು, ಪೋಸ್ಟರು ಹಚ್ಚಿ, ವಾಟ್ಸಾಪಿನಲ್ಲಿ ಗೋಗರೆದರೂ ಅರ್ಧ ಕುರ್ಚಿ ಖಾಲಿ ಇರುತ್ತವೆ. ನಿಮ್ಮಲ್ಲಿ ಆಡುವವನೇ ಕೈಯಿಂದ ದುಡ್ಡು ಹಾಕುತ್ತಾನೆ. ಊರು ಚಾಪೆ ಹಾಸಿಕೊಂಡು ಪುಕ್ಕಟೆ ನೋಡುತ್ತದೆ. ಕಬ್ಬಿನ ಬಿಲ್ಲು ಬಂದ ಮೇಲೆ ಕೊಡ್ತೀನಿ ಎಂದು ಸಾಲ ಹೇಳಿ ಭೀಮನ ಪಾತ್ರ ಹಿಡಿದವರನ್ನು ನಾನು ಬಲ್ಲೆ. ಕೃಷ್ಣನ ಪಾತ್ರದ ದುಡ್ಡು ಒಬ್ಬನ ಕೈಲಿ ಆಗದೆ ಮೂವರು ಹಂಚಿಕೊಂಡರೆ, ಮೂರು ಮನೆಯವರು ಆ ರಾತ್ರಿ ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಇದಕ್ಕಿಂತ ಒಳ್ಳೆಯ ಲೆಕ್ಕಾಚಾರವನ್ನು ನಾನು ಯಾವ ರಂಗಸಂಸ್ಥೆಯಲ್ಲೂ ಕಂಡಿಲ್ಲ.

ಗುಬ್ಬಿ ವೀರಣ್ಣನವರ ಕಂಪನಿ ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದದ್ದು ಈಗಲೂ ಹಳ್ಳಿಗಳಲ್ಲಿ ಕತೆಯಾಗಿ ಓಡಾಡುತ್ತದೆ. ಕಂಪನಿಗಳ ಡೇರೆ ಒಂದೊಂದಾಗಿ ಬಿದ್ದವು. ಅಲ್ಲಿ ಪಳಗಿದವರು, ಅವರಿಂದ ಕಲಿತವರು ಮೇಷ್ಟ್ರುಗಳಾಗಿ ಹಳ್ಳಿ ಹಿಡಿದರು. ಅಕ್ಷರ ಬಾರದವರೂ ಕಿವಿಯಿಂದಲೇ ಕಂದ ವೃತ್ತಗಳನ್ನು ಕಲಿತು, ರಾಗ ತಪ್ಪದೆ ಹಾಡಿದರು. ಸಮುದಾಯ ರಂಗಭೂಮಿ ಎಂದು ದೇಶ ವಿದೇಶದ ಪುಸ್ತಕಗಳಲ್ಲಿ ಬರೆಯುತ್ತಾರಲ್ಲ, ಆಡುವವರೂ ನೋಡುವವರೂ ಒಂದೇ ಊರಿನವರಾಗಿರಬೇಕು, ನಾಟಕ ಆ ಊರಿನ ಸೊತ್ತಾಗಿರಬೇಕು ಎಂದು. ಅದು ನಿಮ್ಮ ಹತ್ತಿರ ಆಗಲೇ ಇದೆ. ಅದನ್ನು ಕಲಿಸುವುದಕ್ಕೆ ನಾನು ಬರುತ್ತಿಲ್ಲ.

ಇಷ್ಟು ಹೇಳಿದ ಮೇಲೆ ನನ್ನ ತಕರಾರನ್ನೂ ಕೇಳಬೇಕು.

ಮೊದಲನೆಯದು ಹೆಣ್ಣುಮಕ್ಕಳದು. ನಿಮ್ಮ ದ್ರೌಪದಿ, ಕುಂತಿ, ಉತ್ತರೆಯರು ನಾಟಕದ ದಿನ ಸಂಜೆ ಮೈಸೂರಿನಿಂದಲೋ ಮಂಡ್ಯದಿಂದಲೋ ವ್ಯಾನಿನಲ್ಲಿ ಬಂದಿಳಿಯುತ್ತಾರೆ. ಆ ಕಲಾವಿದೆಯರ ಮೇಲೆ ನನಗೆ ಅಪಾರ ಗೌರವ. ಮುಖ ಪರಿಚಯವೂ ಇಲ್ಲದ ದುರ್ಯೋಧನ ಮಾತು ಮರೆತು ನಿಂತರೆ, ಅವನ ಮಾತನ್ನೂ ತಾವೇ ಪ್ರಶ್ನೆ ಮಾಡಿ ಎತ್ತಿಕೊಂಡು ಸೀನು ದಾಟಿಸುವ ಚಾಲಾಕಿತನ ಯಾವ ನಾಟಕ ಶಾಲೆಯಲ್ಲೂ ಸುಲಭಕ್ಕೆ ಬರುವುದಿಲ್ಲ. ಆದರೆ ಊರಿನ ಹೆಂಗಸರು? ಚಿಕ್ಕವಳಿದ್ದಾಗ ನನಗೆ ದ್ರೌಪದಿಯ ಮಾತೆಲ್ಲ ಬಾಯಿಪಾಠವಿತ್ತು. ತಾಲೀಮಿನಲ್ಲಿ ದ್ರೌಪದಿ ಇರುತ್ತಿರಲಿಲ್ಲವಲ್ಲ, ಮೇಷ್ಟ್ರು ಆ ಮಾತುಗಳನ್ನು ನನ್ನಿಂದ ಹೇಳಿಸುತ್ತಿದ್ದರು. ಪಾಂಡವರೆಲ್ಲ ನನ್ನ ಮುಂದೆಯೇ ಅಭ್ಯಾಸ ಮಾಡಿದವರು. ನಾಟಕದ ರಾತ್ರಿ ಮಾತ್ರ ನನ್ನ ಜಾಗ ಚಾಪೆಯ ಮೇಲೆ, ಅಜ್ಜಿಯ ಪಕ್ಕ. ಊರಿನ ಸೊಸೆ ಮಗಳು ಸ್ಟೇಜು ಹತ್ತಿದರೆ ಜನ ಏನಂದಾರು ಎನ್ನುವ ಮಾತು ಆಗ ಇತ್ತು, ಈಗಲೂ ಇದೆ. ಆ ಸೊಸೆ ಗ್ರಾಮ ಪಂಚಾಯಿತಿ ಸದಸ್ಯೆಯಾಗಿ ಸ್ವಾತಂತ್ರ್ಯ ದಿನದಂದು ಮೈಕಿನಲ್ಲಿ ಭಾಷಣ ಮಾಡಬಹುದು, ಸಂಘದ ಸಾಲಕ್ಕೆ ಬ್ಯಾಂಕಿನ ಮ್ಯಾನೇಜರನ ಎದುರು ಕೂತು ವಾದ ಮಾಡಬಹುದು. ಕುಂತಿಯಾಗಬಾರದು.

ಎರಡನೆಯದು ಕೇರಿಯದು. ದೇವರ ಮೆರವಣಿಗೆಗೆ ಕೇರಿಯ ತಮಟೆ ಬೇಕು. ನಾಟಕ ಶುರುವಾಗುವ ಹೊತ್ತಿಗೆ ತಮಟೆಯವರು ಬಯಲಿನ ಅಂಚಿಗೆ ಸರಿದಿರುತ್ತಾರೆ. ಎಷ್ಟೋ ಊರುಗಳಲ್ಲಿ ಕೇರಿಯವರದೇ ಬೇರೆ ಮಂಡಳಿ, ಬೇರೆ ರಾತ್ರಿ, ಅದೇ ‘ಕುರುಕ್ಷೇತ್ರ’. ಒಂದೇ ಊರಿನಲ್ಲಿ ಇಬ್ಬರು ಧರ್ಮರಾಯರು, ಒಬ್ಬರ ನಾಟಕ ಇನ್ನೊಬ್ಬರು ನೋಡಿಲ್ಲ. ಈಚೆಗೆ ಕೋಟಿಗಾನಹಳ್ಳಿ ರಾಮಯ್ಯನವರ ಬರಹಗಳನ್ನು ಆಧರಿಸಿ ಲಕ್ಷ್ಮಣ ಕೆ.ಪಿ. ನಿರ್ದೇಶಿಸಿದ ‘ದಕ್ಲಕಥಾ ದೇವಿಕಾವ್ಯ’ ನೋಡಿದಾಗ, ಅರೆ, ತಮಟೆಗಳು ಹಿನ್ನೆಲೆಗೆ ನಿಲ್ಲದೆ ನಾಟಕವನ್ನೇ ಎಳೆದುಕೊಂಡು ಹೋಗುವುದನ್ನು ಕೇಳಿದಾಗ, ನಮ್ಮ ಹಬ್ಬಗಳಲ್ಲಿ ನಾವು ಏನನ್ನು ಅಂಚಿಗೆ ಕಳಿಸುತ್ತಿದ್ದೇವೆ ಎಂದು ಗೊತ್ತಾಯಿತು. ನಿಮ್ಮಲ್ಲಿ ಯಾರಾದರೂ ಆ ನಾಟಕ ನೋಡಿಲ್ಲದಿದ್ದರೆ ದಯವಿಟ್ಟು ನೋಡಿ.

ಮೂರನೆಯದು, ಮತ್ತು ಈ ಪತ್ರಕ್ಕೆ ಮುಖ್ಯ ಕಾರಣವಾದದ್ದು: ಹಸ್ತಿನಾವತಿಯ ಸಂಗತಿ ಅಂಗೈರೇಖೆಯಷ್ಟು ಗೊತ್ತಿರುವ ಆ ರಂಗದ ಮೇಲೆ ನಿಮ್ಮ ಊರು ಒಂದು ಸಲವೂ ಬಂದಿಲ್ಲ. ಮಳೆ ನಂಬಿ ಕೆಟ್ಟವರು, ಬೆಂಗಳೂರಿಗೆ ಹೋಗಿ ಕ್ಯಾಬು ಓಡಿಸುವವರು, ಮಾರಿದ ಹೊಲದ ಮೇಲೆ ಎದ್ದ ಲೇಔಟು, ಮೊಬೈಲಿನಲ್ಲಿ ಸಾಲ ತೆಗೆದು ಸಿಕ್ಕಿಬಿದ್ದ ಹುಡುಗರು, ಇವು ಯಾವುವೂ ಆ ಲೈಟಿನ ಕೆಳಗೆ ನಿಂತಿಲ್ಲ.

ನಡೆದದ್ದನ್ನೇ ಹೇಳುತ್ತೇನೆ. ನಮ್ಮ ಜಿಲ್ಲೆಯದೇ ಒಂದು ಊರು. ಹೆಸರು ಬರೆಯುವುದಿಲ್ಲ ಎಂದು ಅಲ್ಲಿಯವರಿಗೆ ಮಾತು ಕೊಟ್ಟಿದ್ದೇನೆ. 2023ರ ಫೆಬ್ರವರಿಯಲ್ಲಿ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಮದುವೆಯಾಗದ ಗಂಡುಮಕ್ಕಳು ಪಾದಯಾತ್ರೆ ಹೊರಟದ್ದು ನಿಮಗೆ ನೆನಪಿರುತ್ತದೆ. ಹೆಣ್ಣು ಸಿಗಲಿ ಎಂದು ಮಾದಪ್ಪನಿಗೆ ಹರಕೆ. ಟಿವಿಯವರು ನಕ್ಕರು, ಊರವರು ನಕ್ಕರು, ಹೊರಟವರಲ್ಲೂ ಕೆಲವರು ನಗುತ್ತಲೇ ಹೊರಟರು. ನಾನು ಹೇಳುವ ಊರಿನಲ್ಲೂ ಮೂವತ್ತೈದು ದಾಟಿದ ಹುಡುಗರಿದ್ದರು (ಮದುವೆಯಾಗುವವರೆಗೆ ನಮ್ಮಲ್ಲಿ ಎಲ್ಲರೂ ಹುಡುಗರೇ). ಅವರು ಹೆಣ್ಣು ನೋಡಲು ಹೋಗಿ ಬಂದ ಕತೆಗಳಿಂದ ನಾಟಕ ಶುರುವಾಯಿತು.

ಪುಸ್ತಕ ಇರಲಿಲ್ಲ. ಸಂಜೆ ಹಳೇ ಶಾಲೆಯ ಪಡಸಾಲೆಯಲ್ಲಿ ಒಬ್ಬ ತನ್ನ ಕತೆ ಹೇಳುವುದು, ಉಳಿದವರು ಅದನ್ನು ಅಲ್ಲೇ ಆಡಿ ತೋರಿಸುವುದು. ಒಬ್ಬ ಹೆಣ್ಣಿನ ಅಪ್ಪನಾಗುತ್ತಿದ್ದ, ಒಬ್ಬ ದಲ್ಲಾಳಿಯಾಗುತ್ತಿದ್ದ, ಒಬ್ಬ ಕಾಫಿ ಲೋಟ ಹಿಡಿದ ಹುಡುಗಿಯಾಗಿ ಎಲ್ಲರನ್ನೂ ನಗಿಸುತ್ತಿದ್ದ. ನಾನು ರಾತ್ರಿ ಕೂತು ಅವರ ಮಾತುಗಳನ್ನು ಬರೆದು ಜೋಡಿಸಿ ಮಾರನೇ ದಿನ ಓದುತ್ತಿದ್ದೆ. ಎಲ್ಲಿ ನನ್ನ ಕೈಚಳಕ ಹೆಚ್ಚಾಯಿತೋ ಅಲ್ಲಿ ತಡೆ ಬೀಳುತ್ತಿತ್ತು: “ಹಿಂಗ್ಯಾರೂ ಮಾತಾಡಕಿಲ್ಲ ಕಣಮ್ಮ, ತೆಗ್ದಾಕು.” ಇಷ್ಟು ಖಂಡಿತವಾದ ವಿಮರ್ಶಕರು ಇನ್ನೆಲ್ಲೂ ನನಗೆ ಸಿಕ್ಕಿಲ್ಲ. ನಾಟಕದಲ್ಲಿ ಎಲ್ಲರಿಗೂ ಬಾಯಿಪಾಠವಾದ ದಲ್ಲಾಳಿಯ ಮಾತು ಕೂಡ ಅವರದೇ: “ಹುಡುಗನ ಮನೇಲಿ ಜಮೀನಿರಬೇಕಂತೆ, ಹುಡುಗ ಮಾತ್ರ ಜಮೀನಲ್ಲಿರಬಾರದಂತೆ.”

ಅದು ಅವರೆಕಾಯಿ ಕಾಲ. ಪಡಸಾಲೆಯ ಕೊನೆಯಲ್ಲಿ ಹೆಂಗಸರು ಕಾಯಿ ಸುಲಿಯುತ್ತ ಕೂತು ನಮ್ಮ ತಾಲೀಮು ನೋಡಿ ನಗುತ್ತಿದ್ದರು. ಒಂದು ಸಂಜೆ ಅವರಲ್ಲೊಬ್ಬ ಹಿರಿಯಾಕೆ ತಲೆ ಎತ್ತದೆಯೇ ಕೇಳಿದರು: “ಹೆಣ್ಣಿಲ್ಲ ಹೆಣ್ಣಿಲ್ಲ ಅಂತೀರಲ್ಲ, ಹುಟ್ಟಕ್ಕೆ ಬಿಟ್ಟಿದ್ರಾ?” ಅದಕ್ಕೆ ಕೆಲವೇ ವಾರಗಳ ಹಿಂದೆ, ಅದೇ 2023ರ ಕೊನೆಗೆ, ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟುಕೊಂಡು ಗರ್ಭದ ಮಗು ಗಂಡೋ ಹೆಣ್ಣೋ ಎಂದು ಹೇಳುತ್ತಿದ್ದ ಜಾಲವನ್ನು ಬೆಂಗಳೂರಿನ ಪೊಲೀಸರು ಹಿಡಿದಿದ್ದರು. ಹಾಗೆ ನೋಡಿ ಹೇಳುವುದು ಅಪರಾಧವೆಂದು 1994ರಲ್ಲೇ ಕಾಯ್ದೆಯಾಗಿದೆ. ವರ್ಷದ ಆರಂಭದಲ್ಲಿ ಪಾದಯಾತ್ರೆ, ವರ್ಷದ ಕೊನೆಯಲ್ಲಿ ಆಲೆಮನೆ, ಜಿಲ್ಲೆ ಒಂದೇ. ಎರಡೂ ಸುದ್ದಿಗಳನ್ನು ನಾವೆಲ್ಲ ಓದಿದ್ದೆವು. ಆ ಹೆಂಗಸು ಅವುಗಳನ್ನು ಒಂದೇ ವಾಕ್ಯದಲ್ಲಿ ತಂದು ನಮ್ಮ ಮುಂದಿಟ್ಟರು.

ಅಲ್ಲಿಂದ ನಾಟಕ ಹೆಂಗಸರ ಕೈಗೆ ಹೋಯಿತು. ಆದರೆ ಅವರಲ್ಲಿ ಯಾರೂ ತಮ್ಮ ಮನೆಯ ಕತೆ ಎಂದು ಹೇಳಲು ಸಿದ್ಧರಿರಲಿಲ್ಲ. ಹೇಳಿಸುವ ಹಕ್ಕು ನನಗೂ ಇರಲಿಲ್ಲ. ದಾರಿ ಹುಡುಕಿದವರು ಅವರೇ. ಸೋಬಾನೆಯಲ್ಲಿ ಹಾಡ್ತೀವಿ ಎಂದರು. ಮದುವೆ ಚಪ್ಪರದ ಕೆಳಗೆ ಹಸೆಮಣೆಯ ಮೇಲೆ ಹುಡುಗನೊಬ್ಬ ಬಾಸಿಂಗ ಕಟ್ಟಿ ಕೂರುವುದು, ಪಕ್ಕದ ಮಣೆ ಖಾಲಿ, ಸುತ್ತ ಹೆಂಗಸರು ಬಾರದ ಮದುಮಗಳಿಗೆ ಸೋಬಾನೆ ಹಾಡುವುದು. ಮಟ್ಟು ಅಜ್ಜಿಯರದು, ಪದ ಹೊಸದು. ಒಂದೊಂದು ಪದದಲ್ಲಿ ಮದುಮಗಳು ಯಾಕೆ ಬರಲಿಲ್ಲ ಎಂಬುದಕ್ಕೆ ಒಂದೊಂದು ಕಾರಣ. ಯಾವ ಕಾರಣ ಯಾರ ಮನೆಯದು ಎಂದು ಕೇಳುವವರಿಗೆ ಗೊತ್ತಾಗುವಂತಿಲ್ಲ, ಯಾಕೆಂದರೆ ಎಲ್ಲರೂ ಎಲ್ಲವನ್ನೂ ಹಾಡುತ್ತಾರೆ. ಅದರಲ್ಲಿ ಒಂದು ಸಾಲನ್ನೂ ನಾನು ಬರೆಯಲಿಲ್ಲ. ಯಾವುದರ ಹಿಂದೆ ಯಾವುದು ಬರಬೇಕು, ಹಾಡು ಎಲ್ಲಿ ನಿಂತು ಹುಡುಗರ ಮಾತು ಎಲ್ಲಿ ಬರಬೇಕು ಎಂಬುದನ್ನಷ್ಟೇ ನೋಡಿಕೊಂಡೆ. ನಾಟಕಕಾರ್ತಿಯ ಕೆಲಸ ಅಷ್ಟೇನಾ ಎಂದು ಗೆಳೆಯರು ಕೇಳುತ್ತಾರೆ. ಕೂತು ಒಂಟಿಯಾಗಿ ಬರೆಯುವುದಕ್ಕಿಂತ ಅದು ಕಷ್ಟದ ಕೆಲಸ ಎಂದು ಮಾತ್ರ ಹೇಳಬಲ್ಲೆ.

ಆಡಿದ ರಾತ್ರಿ ಹುಡುಗರ ಸೀನುಗಳಿಗೆ ಶಿಳ್ಳೆಯೋ ಶಿಳ್ಳೆ. ಸೋಬಾನೆ ಶುರುವಾಗಿ ಮೂರನೇ ಪದಕ್ಕೆ ಬರುವಷ್ಟರಲ್ಲಿ ಗಂಡಸರ ಕಡೆ ಗುಜುಗುಜು. ಹಿರಿಯರೊಬ್ಬರು ಎದ್ದು ನಿಂತು, “ಇಲ್ಲಿಗೆ ನಿಲ್ಸಿ, ಊರ ಮಾನ ಹೋಯ್ತದೆ” ಎಂದರು. ಹೆಂಗಸರು ನಿಲ್ಲಿಸಿದರು. ಆಗ ಹಸೆಮಣೆಯ ಮೇಲಿದ್ದ ಹುಡುಗ, ತಾಲೀಮಿನಲ್ಲಿ ಇಲ್ಲದ್ದು, ಕೂತಲ್ಲಿಂದಲೇ ಕೇಳಿದ: “ಅಣ್ಣೋ, ನಾನೀಗ ಏಳ್ಲಾ, ಕೂತಿರ್ಲಾ?” ಜನ ನಕ್ಕರು, ಎದ್ದವರೂ ನಕ್ಕರು, ನಕ್ಕ ಮೇಲೆ ನಾಟಕ ನಿಲ್ಲಿಸುವುದು ಯಾರಿಗೂ ಆಗಲಿಲ್ಲ. ನಾಟಕ ಮುಗಿದ ಬಳಿಕ ಚರ್ಚೆ ನಾಟಕಕ್ಕಿಂತ ಉದ್ದಕ್ಕೆ ನಡೆಯಿತು. ಊರಿನ ಆಶಾ ಕಾರ್ಯಕರ್ತೆ ಮಾತಾಡಿದರು, ವರದಕ್ಷಿಣೆಯ ಮಾತು ಬಂತು, ಜಗಳವೂ ಆಯಿತು. ಈ ನಾಟಕದಿಂದ ಇಂಥವರ ಮನಸ್ಸು ಬದಲಾಯಿತು ಎಂದು ನಾನು ಹೇಳಲಾರೆ, ಅಳೆಯುವ ಮಾಪು ನನ್ನ ಹತ್ತಿರ ಇಲ್ಲ. ಮಾರನೇ ಬೆಳಿಗ್ಗೆ ಡೇರಿಯ ಮುಂದಿನ ಸಾಲಿನಲ್ಲಿ ಅದೇ ಮಾತು ನಡೆಯುತ್ತಿತ್ತು, ಅದನ್ನು ಕೇಳಿಸಿಕೊಂಡಿದ್ದೇನೆ.

ಊರ ಮಾನದ ಮಾತನ್ನು ನೀವೂ ಎತ್ತುತ್ತೀರಿ ಎಂದು ಗೊತ್ತು. ಹಿರಿಯರೇ, ತುಂಬಿದ ಸಭೆಯಲ್ಲಿ ಮನೆಯ ಸೊಸೆಗೆ ಆದ ಅವಮಾನ, ಹೆಂಡತಿಯನ್ನು ಪಣಕ್ಕಿಟ್ಟ ಗಂಡಂದಿರು, ಬಾಯಿ ಮುಚ್ಚಿ ಕೂತ ಅಜ್ಜ, ಅಂಗೈಯಗಲ ಭೂಮಿಗೆ ಹೊಡೆದಾಡಿ ಸತ್ತ ದಾಯಾದಿಗಳು, ಇದೆಲ್ಲವನ್ನೂ ನೀವು ಲೈಟು ಹಾಕಿ, ಮೈಕು ಕಟ್ಟಿ, ಸುತ್ತ ಹತ್ತು ಹಳ್ಳಿಗೆ ಕರಪತ್ರ ಹಂಚಿ ತೋರಿಸುತ್ತೀರಿ. ಕುರುವಂಶದ ಮಾನ ಹೋಯಿತೆಂದು ಯಾರೂ ಎದ್ದು ನಿಂತಿಲ್ಲ. ಆ ಮನೆಯ ಕತೆಯನ್ನು ಕೇಳಿಸಿಕೊಳ್ಳುವ ದೊಡ್ಡ ಮನಸ್ಸು ನಿಮಗೆ ಇದೆ. ಅದೇ ಮನಸ್ಸನ್ನು ನಿಮ್ಮ ಮನೆಯ ಕತೆಗೂ ಒಂದು ರಾತ್ರಿ ತೋರಿಸಿ ಎಂಬುದಷ್ಟೇ ನನ್ನ ಬಿನ್ನಹ.

ಇನ್ನೊಂದು ಆಕ್ಷೇಪ: ಇದು ಇಲಾಖೆಯವರ ಬೀದಿನಾಟಕದ ಥರಾನಾ? ಅಲ್ಲ. ಶೌಚಾಲಯ ಕಟ್ಟಿಸಿ, ಲಸಿಕೆ ಹಾಕಿಸಿ ಎಂದು ಬಸ್ ಸ್ಟ್ಯಾಂಡಿನ ಹತ್ತಿರ ಡೋಲಕ್ಕು ಬಡಿದು ಕುಣಿಯುವ ತಂಡಗಳಲ್ಲಿ ನಾನೂ ಕುಣಿದು ಸಂಭಾವನೆ ಎಣಿಸಿಕೊಂಡವಳೇ. ಆ ಕೆಲಸಕ್ಕೆ ಅದರದೇ ಉಪಯೋಗವಿದೆ, ಅಲ್ಲಿ ಊರು ಬಾಯಿ ತೆರೆಯುವ ಹಾಗಿಲ್ಲ, ಅಷ್ಟೇ. ಬೀದಿನಾಟಕಕ್ಕೆ ನಮ್ಮಲ್ಲಿ ಬೇರೆ ಚರಿತ್ರೆಯೂ ಇದೆ. 1977ರಲ್ಲಿ ಬಿಹಾರದ ಬೆಲ್ಛಿಯಲ್ಲಿ ದಲಿತರನ್ನು ಕೊಂದು ಸುಟ್ಟ ಘಟನೆಯ ಮೇಲೆ ಸಿ.ಜಿ. ಕೃಷ್ಣಸ್ವಾಮಿಯವರು ‘ಸಮುದಾಯ’ ತಂಡಕ್ಕೆ ಮಾಡಿಸಿದ ‘ಬೆಲ್ಛಿ’ಯನ್ನು ನಿಮ್ಮಲ್ಲಿ ವಯಸ್ಸಾದವರು ಕೆಲವರಾದರೂ ಯಾವುದೋ ಸರ್ಕಲ್ಲಿನಲ್ಲಿ ನಿಂತು ನೋಡಿರಬಹುದು. ಕೋಲ್ಕತ್ತದಲ್ಲಿ ಬಾದಲ್ ಸರ್ಕಾರ್ ಎಂಬ ನಗರಯೋಜಕರು ಪರದೆ, ವೇಷ, ಟಿಕೆಟ್ಟು ಎಲ್ಲ ಬಿಟ್ಟು ಪಾರ್ಕಿನಲ್ಲಿ, ಹಳ್ಳಿಯ ಬಯಲಿನಲ್ಲಿ ಜನರ ಮಧ್ಯೆ ಆಡಿದರು. ನಟನ ಮೈಯೊಂದಿದ್ದರೆ ನಾಟಕ ಆಗುತ್ತದೆ ಎಂಬ ಧೈರ್ಯ ನನ್ನಂಥ ಕಾಸಿಲ್ಲದವರಿಗೆ ಬಂದದ್ದು ಅವರಿಂದ.

ಬ್ರೆಜಿಲ್ ದೇಶದ ಅಗಸ್ಟೋ ಬೋಲ್ ತಮ್ಮದೇ ಒಂದು ಪ್ರಸಂಗವನ್ನು ಬರೆದಿದ್ದಾರೆ. ಭೂಮಿ ಕಳೆದುಕೊಂಡ ಬಡ ರೈತರ ಮುಂದೆ ಅವರ ತಂಡ ಬಂದೂಕು ಎತ್ತಿ ಹಿಡಿದು, ನಮ್ಮ ನೆಲಕ್ಕಾಗಿ ರಕ್ತ ಸುರಿಸೋಣ ಎಂದು ಹಾಡಿತಂತೆ. ನಾಟಕ ಮುಗಿದ ಮೇಲೆ ವಿರ್ಜಿಲಿಯೊ ಎಂಬ ರೈತ ಕಣ್ಣೀರು ಹಾಕಿಕೊಂಡು ಬಂದು, ಊಟ ಮಾಡಿ, ಆಮೇಲೆ ನಿಮ್ಮ ಬಂದೂಕು ತಗೊಂಡು ಎಲ್ಲರೂ ಹೋಗಿ ಜಮೀನ್ದಾರನನ್ನು ಓಡಿಸೋಣ ಎಂದನಂತೆ. ಬಂದೂಕು ನಾಟಕದವು, ಗುಂಡು ಹಾರುವುದಿಲ್ಲ ಎಂದು ಇವರು ಹೇಳಬೇಕಾಯಿತು. ಬಂದೂಕು ಸುಳ್ಳಾದರೇನು, ನೀವು ನಿಜದವರಲ್ಲವೇ, ನೀವಾದರೂ ಬನ್ನಿ, ನಮ್ಮ ಹತ್ತಿರ ಬಂದೂಕಿವೆ ಎಂದನಂತೆ ರೈತ. ತಂಡ ಹೋಗಲಿಲ್ಲ. ತಾನು ಮಾಡಲು ಸಿದ್ಧನಿಲ್ಲದ್ದನ್ನು ಬೇರೆಯವರಿಗೆ ಉಪದೇಶಿಸುವ ನಾಟಕವನ್ನು ಬೋಲ್ ಅಲ್ಲಿಗೆ ಬಿಟ್ಟರು. ಮುಂದೆ ಅವರು ಕಟ್ಟಿದ ಪದ್ಧತಿಯಲ್ಲಿ ನೋಡುವವನೇ ಎದ್ದು ಬಂದು, ಈ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ ಎಂದು ಆಡಿ ತೋರಿಸಬಹುದು. ನಿಮ್ಮ ಊರಿನಲ್ಲಿ ಏನಾಗಬೇಕು ಎಂದು ಹೇಳಲು ನಾನು ಯಾರೂ ಅಲ್ಲ. ಹಾಗೆ ಎದ್ದು ಬರಲು ಒಂದು ಬಯಲನ್ನು ಏರ್ಪಾಡು ಮಾಡುವ ಕೆಲಸ ನನಗೆ ಬರುತ್ತದೆ.

ಹೊಸ ಪ್ರಯೋಗ ಎಂದರೆ ಅರ್ಥವಾಗದ್ದು ಎಂಬ ಭಯ ನಿಮಗಿರುವುದು ಸಹಜ. ಕಪ್ಪು ಬಟ್ಟೆ ತೊಟ್ಟ ಹತ್ತು ಜನ ನಿಧಾನಕ್ಕೆ ನಡೆಯುತ್ತ ಇರುವ ನಾಟಕಗಳನ್ನು ನಾನೂ ಆಕಳಿಸುತ್ತ ನೋಡಿದ್ದೇನೆ. ಆದರೆ ಕನ್ನಡದಲ್ಲಿ ಹೊಸದು ಬಂದದ್ದೆಲ್ಲ ಬಹುಪಾಲು ನಿಮ್ಮ ಹಿತ್ತಿಲಿನಿಂದಲೇ. 1972ರಲ್ಲಿ ಬಿ.ವಿ. ಕಾರಂತರು ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಒಳವೇದಿಕೆ ಬಿಟ್ಟು ಹೊರಗಿನ ಬಯಲಿನಲ್ಲಿ ಆಡಿಸಿದ ಮೂರು ನಾಟಕಗಳಲ್ಲಿ ಕಂಬಾರರ ‘ಜೋಕುಮಾರಸ್ವಾಮಿ’ ಒಂದು. ಅದರ ಬೇರು ಉತ್ತರ ಕರ್ನಾಟಕದ ಹಳ್ಳಿಯ ಆಚರಣೆಯಲ್ಲಿತ್ತು. 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಸಿ. ಬಸವಲಿಂಗಯ್ಯನವರು ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಬಯಲಿನಲ್ಲಿ ರಾತ್ರಿಯಿಡೀ ಆಡಿಸಿದಾಗ ನಗರದವರು ಬೆರಗಾದರು. ರಾತ್ರಿಯಿಡೀ ನಾಟಕ ನೋಡುವುದು ನಿಮಗೆ ಹೊಸದಾಗಿತ್ತೇ? ಹೆಗ್ಗೋಡಿನಲ್ಲಿ 1949ರಲ್ಲಿ ಶುರುವಾದ ನೀನಾಸಮ್ ಅಡಿಕೆ ತೋಟದ ಕೆಲಸ ಮುಗಿಸಿ ಬಂದವರು ಆಡುವ ಹಳ್ಳಿ ಸಂಘವೇ ಆಗಿತ್ತು. ಮಂಚೀಕೇರಿಯ ಸಿದ್ದಿ ಸಮುದಾಯದವರೊಂದಿಗೆ ಚಿದಂಬರರಾವ್ ಜಂಬೆಯವರು ಆಫ್ರಿಕಾದ ಚಿನುವಾ ಅಚಿಬೆಯ ಕಾದಂಬರಿಯನ್ನು ನಾಟಕ ಮಾಡಿಸಿದರು. ಆಡಿದವರ ಪೂರ್ವಿಕರು ಆಫ್ರಿಕಾದಿಂದ ಬಂದವರು. ಆ ಕತೆ ಅವರಿಗೆ ಎಷ್ಟು ಹತ್ತಿರ ನಿಂತಿರಬೇಕು, ಯೋಚಿಸಿ.

ಈಗ ದುಡ್ಡಿನ ಮಾತು. ನಮ್ಮ ಕಷ್ಟ ತೋರಿಸಿ ಅನುದಾನ ತಗೊಳ್ಳೋಕೆ ಬಂದಿದೀಯ ಎಂದು ಒಬ್ಬರು ನೇರವಾಗಿ ಕೇಳಿದ್ದುಂಟು. ಒಳ್ಳೆಯ ಪ್ರಶ್ನೆ. ಅನುದಾನ ಸಿಕ್ಕರೆ ತೆಗೆದುಕೊಳ್ಳುತ್ತೇನೆ, ಎಷ್ಟು ಬಂತು, ಯಾವುದಕ್ಕೆ ಹೋಯಿತು ಎಂದು ಮಂಡಳಿಯ ಮುಂದೆ ಓದಿ ಹೇಳುತ್ತೇನೆ. ಸಿಗದಿದ್ದರೆ ಅದು ನನ್ನ ಚಿಂತೆ. ನಿಮ್ಮ ಊರಿನ ನಾಟಕವನ್ನು ಬೇರೆಯವರನ್ನು ಕಟ್ಟಿಕೊಂಡು ನಗರದಲ್ಲಿ ಆಡಿಸುವುದಿಲ್ಲ. ಆಡಬೇಕೆಂದು ಕರೆ ಬಂದರೆ ಆಡಿದವರೇ ಹೋಗಬೇಕು, ಬಂದದ್ದನ್ನು ಸಮನಾಗಿ ಹಂಚಿಕೊಳ್ಳಬೇಕು. ಬೇಡವೆಂದರೆ ಅದು ಊರಿನಲ್ಲೇ ಇರಲಿ. ನಾಟಕದ ಹಸ್ತಪ್ರತಿಯೊಂದು ಮಂಡಳಿಯ ಪೆಟ್ಟಿಗೆಯಲ್ಲಿ ಉಳಿಯುತ್ತದೆ, ಬರೆದವರು ಎಂಬ ಜಾಗದಲ್ಲಿ, ಒಪ್ಪಿದವರೆಲ್ಲರ ಹೆಸರಿನೊಂದಿಗೆ.

ನಿಮ್ಮಿಂದ ಕೇಳುವುದು ದೊಡ್ಡದೇನಲ್ಲ. ಸಮುದಾಯ ಭವನದ ಕೀಲಿಯನ್ನು ಸಂಜೆ ಹೊತ್ತು ನಮಗೆ ಕೊಡಿಸಿ. ಅದು ಯಾರ ಜೇಬಿನಲ್ಲಿರುತ್ತದೆ ಎಂದು ಹುಡುಕುವುದರಲ್ಲೇ ನಮ್ಮ ಅರ್ಧ ತಾಲೀಮು ಹೋಗುತ್ತದೆ. ಆಡಲು ಮನಸ್ಸಿರುವ ಹೆಂಗಸರ ಮನೆಯವರೊಂದಿಗೆ ನೀವು ಒಂದು ಮಾತಾಡಿ. ನಾನು ಹೇಳಿದರೆ ಹೊರಗಿನವಳ ಮಾತು, ನೀವು ಹೇಳಿದರೆ ಊರಿನ ಮಾತು. ನಿಮ್ಮ ಮಂಡಳಿಯ ಮೊದಲ ಸಭೆಗೇ ಕೇರಿಯವರನ್ನು ಕರೆಯಿರಿ, ತಮಟೆಯ ಜೊತೆಗೆ ಅವರ ಮಾತೂ ಬೇಕು. ಹಾರ್ಮೋನಿಯಂ ಮೇಷ್ಟ್ರು ಬಿಡುವಾಗಿದ್ದರೆ ಅವರನ್ನೂ ಕಳಿಸಿ, ಅವರಿಗೆ ಬರುವ ರಾಗಗಳು ನನಗೆ ಬರುವುದಿಲ್ಲ. ನಾಟಕದಲ್ಲಿ ಏನಿದೆ ಎಂದು ಮುಂಚೆಯೇ ತಿಳಿಯಬೇಕೆಂದರೆ ಯಾವ ಸಂಜೆಯಾದರೂ ಬಂದು ಕೂರಿ. ಒಂದು ತುಂಡು ಕೇಳಿಸಿಕೊಂಡು ಎದ್ದು ಹೋಗಿ ಮಿಕ್ಕದ್ದನ್ನು ಊಹಿಸಿಕೊಳ್ಳಬೇಡಿ, ಪೂರ್ತಿ ನೋಡಿ. ಆ ರಾತ್ರಿ ನಡುವೆ ನಾಟಕ ನಿಲ್ಲಿಸಿ ಶಾಲು ಹಾರ ಹಾಕುವುದು ಬೇಡ. ಶಾಸಕರು ಬಂದರೆ ಸಂತೋಷ, ಅವರಿಗೂ ಚಾಪೆ ಹಾಕೋಣ. ಮೊಬೈಲಿನಲ್ಲಿ ವಿಡಿಯೊ ಮಾಡದಂತೆ ನೀವೇ ಒಂದು ಕಟ್ಟು ಮಾಡಿ. ಊರಿನ ಮುಂದೆ ಹಾಡಲು ಧೈರ್ಯ ಮಾಡಿದ ಹೆಂಗಸು ಇಡೀ ಜಗತ್ತಿನ ಮುಂದೆ ಹಾಡಲು ಒಪ್ಪಿರುವುದಿಲ್ಲ. ನಾಟಕ ಮುಗಿದ ಕೂಡಲೇ ಲೈಟು ಆರಿಸಬೇಡಿ, ಜನ ಮಾತಾಡಬೇಕು. ನಮಗೆ ಊಟವನ್ನು ದಿನಕ್ಕೊಂದು ಮನೆಯಂತೆ ಹಂಚಿ. ಉಪ್ಪೆಸರು ಇದ್ದರೆ ಬೇರೇನೂ ಬೇಡ.

ಹೊಸಬರಾದ ನಮ್ಮಂಥವರು ತಾಲ್ಲೂಕಿಗೆ ಒಬ್ಬಿಬ್ಬರಾದರೂ ಇದ್ದೇವೆ. ನಾಟಕ ಕಲಿತು ಬಂದವರು, ನಗರದಲ್ಲಿ ಸಭಾಂಗಣದ ಬಾಡಿಗೆ ಕಟ್ಟಲಾಗದೆ ವರ್ಷಕ್ಕೊಂದು ನಾಟಕ ಮಾಡಿ ಕಾಯುತ್ತಿರುವವರು. ನಿಮ್ಮ ಊರಿಗೆ ನಾನೇ ಬರಬೇಕೆಂದಿಲ್ಲ, ನಿಮ್ಮ ಹತ್ತಿರದವರು ಯಾರಾದರೂ ಇದ್ದರೆ ಅವರನ್ನೇ ಕರೆಯಿರಿ. ಅವರು ಜೀನ್ಸ್ ಹಾಕಿಕೊಂಡು ಬಂದರೆ ಅದನ್ನೇ ಚರ್ಚೆ ಮಾಡುತ್ತ ಕೂರಬೇಡಿ.

ಮುಂದಿನ ಹಬ್ಬಕ್ಕೆ ನಾಟಕದ ಲೆಕ್ಕ ಹಾಕಲು ನೀವು ಸೇರಿದಾಗ, ಪಾತ್ರಗಳ ದರ ನಿಗದಿಯಾಗುವ ಮೊದಲು, ಈ ಪತ್ರವನ್ನು ಒಬ್ಬರು ಎಲ್ಲರಿಗೂ ಕೇಳಿಸುವಂತೆ ಓದಿ. ಒಪ್ಪಿಗೆಯಾದರೆ ಹೇಳಿ ಕಳಿಸಿ. ಒಪ್ಪಿಗೆಯಾಗದಿದ್ದರೆ ಯಾಕೆಂದು ಹೇಳಿ ಕಳಿಸಿ, ಬಂದು ಕೂತು ಮಾತಾಡುತ್ತೇನೆ. ಎರಡರಲ್ಲಿ ಯಾವುದಾದರೂ ಸರಿ, ಕುರುಕ್ಷೇತ್ರದ ರಾತ್ರಿ ನಾನಂತೂ ಬರುತ್ತೇನೆ. ಕರ್ಣನ ಸಾವಿನವರೆಗೆ ಏಳುವುದಿಲ್ಲ.

ಇಂತಿ ತಮ್ಮ ವಿಶ್ವಾಸದ,
ಮದ್ದೂರು ತಾಲ್ಲೂಕಿನ ಒಬ್ಬ ಹೊಸ ನಾಟಕಕಾರ್ತಿ ಮತ್ತು ನಿರ್ದೇಶಕಿ